ಉಡ್ಯಾಗ ಏನಿಲ್ಲರಿ

ಹಿಮ್ಮಡ ಊರು ಅಂದ್ನಿ, ತುದಿಗಾಲ ಅಲ್ಲ. ಹಿಮ್ಮಡ. ಎರಡು ತಿಂಗಳಾತು, ದಿನಾ ಮುಂಜಾನಿ ಬಂದು ಬಡಕೊಳ್ಳಾಕತ್ತೀನಿ, ಇನ್ನೂ ನಿನಗ ಹಿಮ್ಮಡ ಯಾವುದು ತುದಿ ಯಾವುದು ತಿಳೀವಲ್ದು... ಹಾಂ, ಹಂಗ. ನೆಲ ತಣ್ಣಗ ಐತಿಲ್ಲ? ತಲಿ ಅಲ್ಲಾಡಿಸಬ್ಯಾಡ ದುರಗಿ, ಕೋಲೆಬಸವ ಅಲ್ಲ ನೀ. ಬಾಯಿಲೆ ಹೇಳು. ಹೂಂ, ತಣ್ಣಗ. ಅಷ್ಟ ಸಾಕು.

ಕದದ ಕಡೆ ಯಾಕ ನೋಡ್ತಿ? ಹೌದು, ಚಿಲಕ ನಾನ ಹಾಕೇನಿ. ನಿಮ್ಮವ್ವ ಹೊರಗ ಕುಂತು ಕಿವಿ ಕೊಟ್ಟಿರ್ತಾಳ, ಆಕಿಗೆ ಬ್ಯಾರೆ ಏನು ಕೆಲಸೈತಿ. ಹತ್ತು ದಿನದ ಹಿಂದ ಚಿಲಕದ ಸಪ್ಪಳ ಆದ್ರ ಸಾಕು, ಹೋಗಿಬಿಡ್ತಿದ್ದಿ. ಮೈ ಇಲ್ಲೆ, ನೀ ಎಲ್ಲೋ. ಕಣ್ಣು ತೆರದ ಇರ್ತಿದ್ವು, ಒಳಗ ಯಾರೂ ಇರ್ತಿದ್ದಿಲ್ಲ. ಕೈ ಚಿವುಟಿದ್ರೂ ಅಷ್ಟ, ಹೆಸರು ಕರದ್ರೂ ಅಷ್ಟ. ಈಗ ನೋಡು, ಚಿಲಕ ಹಾಕೈತಿ, ನೀ ಕುಂತೀ. ಉಪ್ಪಿನ ಹರಳು ಬಾಯಾಗ ಐತೇನು? ಚೀಪು. ನುಂಗಬ್ಯಾಡ.

ಇವತ್ತ ಯಲಬುರ್ಗಿಂದ ಪೊಲೀಸ ಅಮೀನಸಾಹೇಬ ಬರ್ತಾನ, ಬೆಂಕಿ ಬಿದ್ದ ದಿನದ್ದು ನಿನ್ನ ಬಯಾನ ಬರಕೊಳ್ಳಾಕ. ಅಂಜಬ್ಯಾಡ. ಅಂವಗ ನಿನ್ನ ಕನ್ನಡ ತಿಳಿಯಂಗಿಲ್ಲ, ನಿನಗ ಅಂವನ ಉರ್ದು ತಿಳಿಯಂಗಿಲ್ಲ, ನಡುವ ಕುಂತ ಕಾರಕೂನ ಏನು ಬರೀತಾನ ಅದ ಖರೇ. ಕುದರಿ ಮ್ಯಾಲ ಮೀಸಿ ತಿರುವಿಕೊಂತ ಬರ್ತಾನ, ಒಂದು ಗಂಗಾಳ ಮೊಸರನ್ನ ಹೊಡದು ಹೋಗ್ತಾನ. ಆದ್ರ ಅಂವನ ಮುಂದ ನೀ ಹೋಗಿಬಿಟ್ರ... ‘ಹುಚ್ಚಿ’ ಅಂತ ಒಂದ ಸಾಲು ಬರದಾ ಅಂದ್ರ ಮುಗೀತು. ಹುಚ್ಚರ ದವಾಖಾನಿಗೆ ಒಯ್ದು ಒಗೀತಾರ. ಅಲ್ಲಿ ಹೋದಾಕಿ ತಿರುಗಿ ಕುಕನೂರು ನೋಡಂಗಿಲ್ಲ. ತಿಳೀತಿಲ್ಲ? ಅದಕ್ಕ ಹೇಳೂದು, ಇಲ್ಲೇ ಇರೂದ ಕಲಿ.

ನಗಾಕತ್ತೀ ಏನು? ಗಾಳೆಪ್ಪನ ನೆನಪಾತೇನು? ನಗು, ನಗೂದನ ಅದು. ಗಾಳಿ, ದೆವ್ವ ಬಿಡಸಾಂವ ಅಂತ ಅಂವ. ನಿಮ್ಮವ್ವ ಅಂವನ ಕಾಲಿಗೆ ಬಿದ್ದು ಕರಕೊಂಡು ಬಂದ್ಲು. ಬಂದಾಂವ ಏನು ಮಾಡಿದ? ಕದಾ ಮುಚ್ಚಿ, ಕೆಂಡದ ಮ್ಯಾಲ ಮೆಣಸಿನಕಾಯಿ ಸುರುವಿ, ನಿನ್ನ ಮುಖಕ್ಕ ಹೊಗಿ ಹಿಡದ. ಹೊಗ್ಯಾಗ ಸತ್ತು ಬದುಕಿದಾಕಿಗೆ ಹೊಗಿ! ಗಾಯದ ಮ್ಯಾಲ ಬರಿ ಎಳದಂಗ. ಮೂರು ದಿನ ನೀ ನೀರು ಸೈತ ಕುಡೀಲಿಲ್ಲ. ‘ದೊಡ್ಡ ಗಾಳಿ ಐತಿ, ಹುಲಿಗಿ ಗುಡಿಗೆ ಒಯ್ರಿ’ ಅಂದು ಕೋಳಿ ಬಗಲಾಗ ಇಟಗೊಂಡು ಹೋದ. ಹುಚ್ಚ ಮುಂಡಿ ಮದುವ್ಯಾಗ ಉಂಡಾಂವನ ಜಾಣ.

ಈ ಉಪ್ಪು, ಹಿಮ್ಮಡ ಎಲ್ಲಾ ನಾ ಕಲತದ್ದು ಜೈನಾಬೀ ಕಡಿಂದ. ಬಜಾರದಾಗ ಬಳಿ ಮಾರ್ತಾಳಲ್ಲ, ಆಕಿ. ಆಕಿ ಗಂಡ ಜಿಲಾನಸಾಬ ಹಿಂದಿನ ಲಡಾಯಿಗೆ ಹೋಗಿ ಬಂದಾಂವ. ಬಂದಮ್ಯಾಲ ಎಲ್ಲರೆ ಪಟಾಕಿ ಹಾರಿದ್ರ ಸಾಕು, ನಿನ್ನಂಗ ಹೋಗಿಬಿಡಾಂವ. ಆಕಿ ತಾಯತ ಕಟ್ಟಲಿಲ್ಲ, ದೇವರು ಕೇಳಲಿಲ್ಲ. ತಂಬಿಗಿ ತಣ್ಣೀರು ಕೈಯಾಗ ಕೊಟ್ಟು, ನಾಲಿಗಿ ಮ್ಯಾಲ ಉಪ್ಪಿನ ಹರಳು ಇಟ್ಟು, ‘ಏನು ಕಾಣತೈತಿ ಹೇಳು, ಏನು ಕೇಳತೈತಿ ಹೇಳು, ಇವತ್ತ ಯಾವ ವಾರ ಹೇಳು’ ಅಂತ ಕುಂದರಾಕಿ. ವರ್ಷಗಟ್ಲೆ. ಆ ಮುದುಕಿಗೆ ಇದ್ದ ತಾಳ್ಮಿ ನನಗಿಲ್ಲ, ಮದಲ ಹೇಳಿಬಿಡ್ತೀನಿ.

ಇನ್ನೊಂದು ಮಾತು ಹೇಳಿದ್ಲು. ‘ಮದಲ ತಿರುಗಿ ಬರೂದು ಕಲಸು. ಕಾಲು ನೆಲಕ್ಕ ಹತ್ತೂಮಟ ಆ ದಿನದ್ದು ಬಾಯಿ ಬಿಡಸಬ್ಯಾಡ.’ ಆ ಮಾತು ನನಗ ಭಾಳ ಹಿಡಿಸ್ತು. ಅದಕ್ಕ ನಾ ಒಂದ ದಿನಾನೂ ಕೇಳಿಲ್ಲ ನಿನ್ನ. ನೀನೂ ಯಾರ ಮುಂದೂ ಹೇಳಿಲ್ಲಲ್ಲ? ನಿಮ್ಮವ್ವನ ಮುಂದ? ...ಇಲ್ಲ. ಛಲೋ. ಭಾಳ ಛಲೋ.

ಈಗ ಅಮೀನಸಾಹೇಬ ಕೇಳ್ತಾನ, ‘ಶೇಠನ ಹತ್ತಿ ಜಿನ್ನಿನ್ಯಾಗ ಬೆಂಕಿ ಬಿತ್ತು, ಅರಳಿ ಕೋಣ್ಯಾಗ ಐದು ಮಂದಿ ಹೆಣಮಕ್ಕಳಿದ್ರಿ, ಕದಾ ಯಾಕ ತಗೀಲಿಲ್ಲ?’ ನೀ ಏನಂತಿ? ‘ಕಾವಿಗೆ ಚಿಲಕ ಬಿಗೀತರಿ.’ ಅನ್ನು. ಮತ್ತ ‘ಹೆಣ್ಣಾಳಿನ ಮೇಸ್ತ್ರಿ ಶೇಖರಮ್ಮ ಎಲ್ಲಿದ್ಲು?’ ಅಂದ್ರ... ‘ಬಾವಿ ಕಡೆ ಇದ್ಲರಿ.’ ಅಷ್ಟ. ಎರಡು ಮಾತು. ಗಿಣಿಗೆ ಕಲಿಸಿದ್ರ ಇಷ್ಟೊತ್ತಿಗೆ ಹಾಡ್ತಿತ್ತು. ಖರೇನ ಅಲ್ಲೇನು? ಬಾವಿ ಕಡೆ ಇದ್ನಿ. ಕೊಡ ಹೊತ್ತು ನಾ ಓಡಿ ಬಂದದ್ದು ಮಂದಿ ನೋಡ್ಯಾರ. ಗಂಡಸರು ಹಿಂದಿನ ಗ್ವಾಡಿ ಒಡದು ನಿನ್ನ ಒಬ್ಬಾಕಿನ್ನ ಎಳದ್ರು, ನಾಕು ಮಂದಿ ಅಲ್ಲೇ... ಇರ್ಲಿ.

ಏ, ಕಣ್ಣು ನೋಡು, ಹೊಂಟ್ವು. ಹೋಗಬ್ಯಾಡ. ಹಿಮ್ಮಡ! ಕಣ್ಣಿಗೆ ಕಾಣೂವು ಐದು ಹೇಳು. ಬಿಂದಗಿ, ಹೂಂ. ಬೀಸೂಕಲ್ಲು. ಕೇರೂ ಮರ. ಮರದಾಗಿನ ಜ್ವಾಳ, ಅದನ್ನೂ ಎಣಸು ಬಿಡು. ಐದನೇದ್ದು? ...ಗಳದ ಮ್ಯಾಲಿನ ಸೀರಿ. ನಿಮ್ಮಕ್ಕ ಕನಕಮ್ಮಂದು.

ಅದನ್ನ ಇನ್ನೂ ಯಾಕ ಇಟ್ಟೀರಿ? ಸತ್ತಾಕಿ ಸೀರಿ ಗಳದ ಮ್ಯಾಲ ತೂಗಿಬಿಟ್ಟು ಹುಡುಗಿಗೆ ಗಾಳಿ ಬಡದೈತಿ ಅಂತೀರಿ. ಅಕ್ಕ ಅಂತ ಅಳಬ್ಯಾಡ. ನಿಮ್ಮಕ್ಕ ಏನು ಕಮ್ಮಿ ಇದ್ಲೇನು? ಹೆಣ್ಣಾಳಿನೊಳಗ ಆಕಿದ ಬಾಯಿ ದೊಡ್ಡದು. ಶಿವರಾತ್ರಿ ಬಂತಂದ್ರ ಎಲ್ಲಾರಿಗೂ ಬತ್ತಿ ಹೊಸಿಯಾಕ ಶೇಠನ ಅರಳೀನ ಬೇಕು. ಒಂದೊಂದು ಹಿಡಿ ಉಡ್ಯಾಗ ತುರುಕೊಂಡು ಬಸರಿ ಹೆಂಗಸರಂಗ ಹೊರಗ ಬರಾಕಿ ಒಬ್ಬಾಕಿ, ‘ಹೊಟ್ಟಿ ಉಬ್ಬೈತ್ರಿ’ ಅನ್ನಾಕಿ ಇನ್ನೊಬ್ಬಾಕಿ. ಅದಕ್ಕ ನಾ ಹೊರಗಿಂದ ಚಿಲಕ ಹಾಕ್ತಿದ್ನಿ, ಒಬ್ಬೊಬ್ಬಾಕಿದ ಉಡಿ ತಡವಿ ಬಿಡತಿದ್ನಿ. ಬೆಂಕಿ ಬೀಳೂ ಹಿಂದಿನ ವಾರ ಏನು ಮಾಡಿದ್ರಿ? ‘ಹಾವು, ಹಾವು’ ಅಂತ ಚೀರಿದ್ರಿ. ನಾ ಹೆದರಿ ಚಿಲಕ ತಗದ್ನಿ, ಎಲ್ಲಾರೂ ಉಡಿ ತುಂಬಿಕೊಂಡು ಓಡಿದ್ರಿ. ಹಾವೂ ಇಲ್ಲ, ಹಲ್ಲೀನೂ ಇಲ್ಲ. ಗಂಡಾಳಿನ ಮುಂದ ಶೇಠ ನನಗಂದ, ‘ಹೆಣಮಕ್ಕಳು ನಿನ್ನ ಕೋತಿ ಕುಣಿಸಿದಂಗ ಕುಣಿಸ್ತಾರ’ ಅಂತ. ಹದಿನೈದು ವರ್ಷ ಆ ಜಿನ್ನಿನ್ಯಾಗ ತಲಿ ಎತ್ತಿ ತಿರಗ್ಯಾಡಿದಾಕಿ ನಾ.

ನಿಮ್ಮ ಮಾತು ಯಾರು ನಂಬಬೇಕು? ಕಳ್ಳರು ನೀವು, ಎಲ್ಲಾರೂ. ಸಾಯೂ ಹೊತ್ತಿನ್ಯಾಗೂ ನಿಮ್ಮಕ್ಕಗ ಉಡೀದ ಚಿಂತಿ. ‘ಶೇಖರಮ್ಮಾರ, ಉಡ್ಯಾಗ ಏನಿಲ್ಲರಿ, ಬೇಕಾದ್ರ ಸೀರಿ ಬಿಚ್ಚಿ ನೋಡ್ರಿ, ಉಡ್ಯಾಗ ಏನಿಲ್ಲರಿ’ ಅಂತ, ಅದನ್ನ ಅಂದಾಳ, ಅದನ್ನ ಅಂದಾಳ, ಕದಕ್ಕ ಕೈ ಬಡಕೊಂತ...

ಏನು? ಯಾಕ ಹಂಗ ನೋಡ್ತಿ?

ನಾ... ಬಾವಿ ಕಡೆ ಇದ್ನಿ ಅಂದ್ನಲ್ಲ. ಯಾರೋ ಹೇಳಿದ್ರು ಆ ಮಾತು. ಬಜಾರದಾಗ ಯಾರೋ...

ಯಾರು ಹೇಳ್ತಾರ. ಒಳಗಿದ್ದವರೊಳಗ ಉಳದಾಕಿ ನೀ ಒಬ್ಬಾಕಿ. ನೀ ಯಾರ ಮುಂದೂ ಹೇಳಿಲ್ಲ. ಈಗ ನಾನ ಕೇಳೇನಿ, ನೀ ಇಲ್ಲ ಅಂದಿ.

ಮಾತಾಡು ದುರಗಿ. ಬೈಯಿ, ಉಗುಳು, ಏನರೆ ಮಾಡು. ...ಮತ್ತ ಹಾವಿನ ಆಟ ಅಂತ ತಿಳದ್ನಿ. ಕದದ ಮುಂದ ನಿಂತು ‘ಚೀರ್ರಿ, ಇನ್ನೂ ಚೀರ್ರಿ’ ಅಂತ ನಕ್ಕೇನಿ. ಕದದ ಸಂದ್ಯಾಗಿಂದ ಹೊಗಿ ಬಂತು. ಆವಾಗ ಬಾವಿಗೆ ಓಡಿದ್ನಿ. ಖರೇನ ಓಡಿದ್ನಿ. ಚಿಲಕ ತಗದು ಓಡಬೇಕಿತ್ತು, ಕೊಡ ತಗೊಂಡು ಓಡಿದ್ನಿ. ಯಾಕ ಅಂತ ಕೇಳಬ್ಯಾಡ, ನನಗೂ ತಿಳಿದಿಲ್ಲ. ಹೆಣ ಹೊರಗ ಹಾಕಿದಮ್ಯಾಲ ಯಾರೂ ಇಲ್ಲದಾಗ ನಿಮ್ಮಕ್ಕನ ಉಡಿ ತಡವಿ ನೋಡೇನಿ. ಅಷ್ಟು ಹೊಲಸು ಹೆಂಗಸು ನಾ. ಉಡ್ಯಾಗ ಒಂದು ಅಡಕಿ ಚೂರು ಇತ್ತು. ಅರಳಿ ಇದ್ದಿಲ್ಲ.

ದುರಗಿ, ಎಲ್ಲಿ ಅದಿ? ಹೋದ್ಯಾ? ಹೋಗಿದ್ರ ಹೋಗು, ನಾ ಕರಿಯಂಗಿಲ್ಲ... ಇಲ್ಲ. ಕಣ್ಣಿನ್ಯಾಗ ನೀ ಇದ್ದೀ. ಇಷ್ಟು ದಿನ ಇಲ್ಲದಾಕಿ ಇವತ್ತ ಪೂರಾ ಬಂದು ಕುಂತೀ.

ಕುದರಿ ಸಪ್ಪಳ ಅಲ್ಲೇನು ಅದು? ಬಂದ. ಕೇಳಿಲ್ಲಿ, ತಂಗಿ. ದಿನಾ ಇರು, ಇರು ಅಂತಿದ್ನಿ. ಇವತ್ತೊಂದು ದಿನ ಹೋಗು. ಒಂದು ಗಳಿಗಿ. ಅಂವ ಬಂದು, ನೋಡಿ, ಹೋಗೂಮಟ. ಹುಚ್ಚಿ ಅಂತ ಬರದ್ರ ಬರೀಲಿ, ನಾ ನೋಡಕೋತೀನಿ, ಸಾಯೂಮಟ ಅನ್ನ ಹಾಕ್ತೀನಿ, ನಿನ್ನ ಕಾಲು ಹಿಡೀತೀನಿ... ಉಪ್ಪಿನ ಹರಳು ಉಗುಳು. ಕಾಲು ಮ್ಯಾಲ ತಗೋ. ಅಕ್ಕನ್ನ ನೆನಸು, ಹೋಗ್ತಿ.

ಕದಾ ಬಡ್ಯಾಕತ್ಯಾರ. ಚಿಲಕ ನಾ ತಗೀತೀನಿ, ನೀ ಕುಂದರು. ಕೈ ಯಾಕೋ... ಕೈ ಏಳವಲ್ದು. ನೀ ಯಾಕ ಎದ್ದಿ?

ಹಿಮ್ಮಡ ಊರಿ ಕದದ ಕಡೆ ನಡ್ಯಾಕತ್ತೀಯಲ್ಲ, ದುರಗಿ. ನಾ ಹೇಳಿಕೊಟ್ಟಂಗ.