ಬಡಗಣ ಗ್ವಾಡಿಯ ಗಚ್ಚು

ದೀಪ ಸಣ್ಣದು ಮಾಡ್ರಿ, ಹೇಳ್ತೀನಿ. ಇದು ನಮ್ಮಜ್ಜನ ಓಣಿ ದೌಲಪ್ಪಗ ಆದದ್ದು. ನಿಜಾಮರ ಕಾಲ. ಕಮಲಾಪುರದ ಹೊರಗ ನಾನೂರು ವರ್ಷದ ಒಂದು ಹಳೇ ಗುಮ್ಮಟ ಬಿರುಕು ಬಿಟ್ಟಿತ್ತು. ರಿಪೇರಿ ಮಾಡಸಾಕ ಕಲಬುರಗಿಯಿಂದ ಓವರ್‌ಸಿಯರ್ ಗುಲಾಮ್ ರಸೂಲ್ ಸಾಹೇಬ್ರು ಬಂದಿದ್ರು.

ದೌಲಪ್ಪ ಗೌಂಡಿ, ಕಲ್ಲು-ಇಟ್ಟಂಗಿ ಕಟ್ಟಾಂವ. ಹಳೇ ಗಚ್ಚಿನ್ಯಾಗ, ಅಂದ್ರ ಕಲ್ಲು ಕೂಡಿಸೋ ಸುಣ್ಣದ ಗಾರ್ಯಾಗ, ಏನೇನು ಕೂಡ್ಯಾದ ಅಂತ ಕಂಡುಹಿಡಿಯೋ ಕೆಲಸ ಅವನದು. ಬಡಗಣ ಗ್ವಾಡಿಯಿಂದ ಒಂದು ಚೂರು ಕೆತ್ತಿ, ಪುಡಿ ಮಾಡಿ, ನಿಂಬೆಹುಳ್ಯಾಗ ಹಾಕಿದ. ಚುಂಯ್ ಅಂತ ನೊರೆ ಬಂದು ಸುಣ್ಣ ಕರಗಿತು. ಉಸುಕು, ಇಟ್ಟಂಗಿ ಪುಡಿ ತಳಕ್ಕ ಕುಂತವು. ಕಲ್ಲು ಬಡದು ನೋಡಿದ... ಠಣ್ ಅಂತು.

"ಗ್ವಾಡಿ ಗಟ್ಟಿ ಅದರೀ ಸಾಹೇಬ್ರ. ಬುಡದ ಕಲ್ಲು ಬಿಚ್ಚಿ ಹೊಸ ಗಚ್ಚು ತುಂಬಬಹುದು," ಅಂದ.

ಮರುದಿನ ಮುಂಜಾನಿ ಆರು ಮಂದಿ ಕಲ್ಲು ಬಿಚ್ಚಾಕ ಆ ಬುಡಕ್ಕ ಕೂಡೋದಿತ್ತು. ಅವರಾಗ ದೌಲಪ್ಪನ ಹೆಂಡ್ತಿ ಚಂದಮ್ಮನೂ ಒಬ್ಬಾಕಿ.

ಅವತ್ತು ಹೊಸ ಗಚ್ಚು ಹದ ಮಾಡೂದ್ರಾಗ ರಾತ್ರಿ ಆತು. ದೌಲಪ್ಪ ಒಬ್ಬನೇ ಮನಿ ಕಡೆ ಹೊಂಟ. ದಾರ್ಯಾಗ ಪಾಳು ಬಾವಿ. ಅದರ ಹತ್ರ ಬಂದಾಗ... ಸರ್... ಸರ್... ಉಸುಕು ಜರಡಿ ಹಿಡಿಯೋ ಸಪ್ಪಳ. ಈ ಹೊತ್ತಿನ್ಯಾಗ ಯಾರು?

ಬಾವಿ ಕಟ್ಟಿ ಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ಲು. ಬೆನ್ನು ಈ ಕಡೆ. ಜರಡಿ ಆಡಾಕತ್ತಿತ್ತು. ಸರ್... ಸರ್... ಆದ್ರ ಕೆಳಗ ಏನೂ ಬೀಳವಲ್ದು.

"ತಮ್ಮಾ..." ಪಿಸುಗುಟ್ಟಿದ್ಲು. "ಗಚ್ಚು ಎಲ್ಲಿಂದ ಕೆತ್ತಿದಿ?"

ದೌಲಪ್ಪ ಅಂದ, "ಹೊರಗಿಂದ, ಯವ್ವಾ."

"ಒಳಗಿಂದು ನೋಡಿದೇನು?"

"ಇಲ್ಲ..."

"ಆ ಗುಮ್ಮಟ ಕಟ್ಟುವಾಗ ನಮಗ ಹೊಟ್ಟಿಗೆ ಹಾಕಲಾರದ ಅವಸರ ಮಾಡಿಸಿದ್ರು, ತಮ್ಮಾ. ಒಳಗಿನ ಗಚ್ಚು ಹದಕ್ಕ ಬರಲೇ ಇಲ್ಲ. ಆ ಬುಡಕ್ಕ ಮಂದೀನ ಕೂಡಸಬ್ಯಾಡ."

ಜರಡಿ ನಿಂತಿತು. ದೌಲಪ್ಪ ಕಣ್ಣು ಮುಚ್ಚಿ ತಗದ... ಕಟ್ಟಿ ಮ್ಯಾಲ ಯಾರೂ ಇಲ್ಲ.

ಮನಿಗೆ ಬಂದು, ಮಲಗಿದ ಚಂದಮ್ಮನ ಮಾರಿ ನೋಡಕೋತ ಬೆಳಕು ಹರಿಸಿದ. ಮುಂಜಾನಿ ಸೀದಾ ಸಾಹೇಬ್ರ ಮುಂದ ಹೋಗಿ ನಿಂತ.

"ಕೆಲ್ಸ ನಿಂದರಸ್ರೀ. ನಂದ ತಪ್ಪಾಗ್ಯಾದ. ಹೊರಗಿನ ಗಚ್ಚಷ್ಟ ನೋಡೀನಿ, ಒಳಗಿಂದು ನೋಡಿಲ್ಲ."

"ಅರೆ ಭಾಯಿ, ನಿನ್ನೆ ಗಟ್ಟಿ ಅದ ಅಂದಿದ್ದಿ. ಈಗ ಯಾರು ಹೇಳಿದ್ರು?"

"ನನ್ನ ಹೆಂಡ್ತಿ ಅಲ್ಲಿ ಕೂಡಾಕಿರೀ," ಅಂದ ದೌಲಪ್ಪ.

ಸಾಹೇಬ್ರು ಅವನ ಮಾರಿ ನೋಡಿದ್ರು. ಮಂದೀನ ದೂರ ಸರಿಸಿದ್ರು. ದೌಲಪ್ಪ ಒಬ್ಬನೇ ಉದ್ದನ ಕಬ್ಬಿಣದ ಹಾರಿ ಕಲ್ಲಿನ ಸಂದ್ಯಾಗ ಇಟ್ಟು ಒಂದು ಕಲ್ಲು ಮೀಟಿದ. ಟಕ್... ಒಳಗ ಏನೋ ದೊಪ್ ಅಂತ ಕುಸೀತು. ಹಿಂದಕ್ಕ ಜಿಗದ. ಧಡ್! ಬುಡದ ಕಲ್ಲೆಲ್ಲಾ ಆರು ಮಂದಿ ಕೂಡಬೇಕಾದ ಜಾಗದ ಮ್ಯಾಲ ಬಂದು ಬಿದ್ದವು. ಚಂದಮ್ಮ ದೂರ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ಲು. ಒಬ್ಬರಿಗೂ ಪೆಟ್ಟಾಗಲಿಲ್ಲ.

ಧೂಳು ಇಳಿದ ಮ್ಯಾಲ ಸಾಹೇಬ್ರು ಬಗ್ಗಿ ಗ್ವಾಡಿ ನಡುವಿನ ಗಚ್ಚು ಮುಟ್ಟಿದ್ರು. ನಾನೂರು ವರ್ಷದ ಗಚ್ಚು... ಹಸಿ ಇತ್ತು. ಈಗ ಕಲಸಿದಂಗ ಬೆರಳಿಗೆ ಅಂಟಿತು.

ನಗಬ್ಯಾಡ್ರಿ. ಅವತ್ತು ಸಂಜಿಗೆ ಸಾಹೇಬ್ರ ಆ ಬೆರಳಿನ ತೊಗಲು, ಹಸಿ ಸುಣ್ಣ ಸುಟ್ಟಂಗ ಸುಲದಿತ್ತು. ನಮ್ಮಜ್ಜ ಕಣ್ಣಾರೆ ನೋಡ್ಯಾನ.