ಬಾವಿಯ ಹತ್ತಿರ ಉಳಿದ ಒಂದು ಬುಡ ಹುಲ್ಲು

ವೆಂಕಟರಾಯಪ್ಪ ಬಿನ್ ಲೇಟ್ ಪೆದ್ದಪ್ಪ, ವಯಸ್ಸು 46 ವರ್ಷ, ಜಿರಾಯ್ತಿ, ವಾಸ ಹೋಳೂರು, ಕೋಲಾರ ತಾಲ್ಲೂಕು. ನಿನ್ನೆ ನಾನು ಕೊಟ್ಟ ದೂರಿನ ವಿಚಾರವಾಗಿ ಇಂದು ಠಾಣೆಗೆ ಮತ್ತೆ ಹಾಜರಾಗಿ ಹೇಳಿ ಬರೆಸುತ್ತಿರುವುದು ಏನೆಂದರೆ,

ನಾನು ಮತ್ತು ನನ್ನ ತಮ್ಮ ಮುನಿಯಲ್ಲಪ್ಪ ಹೋದ ಯುಗಾದಿಯಲ್ಲಿ ಭಾಗವಾದೆವು. ನಮ್ಮ ಹೊಲಗಳ ನಡುವೆ ಇರುವುದು ಒಂದು ಬದು ಮಾತ್ರ. ಅದಕ್ಕೂ ಮುಂಚೆ, ಮುಳಬಾಗಿಲಿನ ಮೇವಿನ ಅಧಿಕಾರಿ ನರಸಿಂಹ ಅವರು ಹೊಸ ತಳಿ ಎಬ್ಬಿಸಲು ನನಗೊಂದು ಬುಡ, ತಮ್ಮನಿಗೊಂದು ಬುಡ ರೋಡ್ಸ್ ಎಂಬ ದನದ ಮೇವಿನ ಹುಲ್ಲು ಕೊಟ್ಟಿದ್ದರು. ಇಬ್ಬರೂ ಬದುವಿನ ಆಚೆ ಈಚೆ ಅವರವರ ಬುಡದ ಬೇರು ಬಿಡಿಸಿ ನೆಟ್ಟು ಹೊಲ ತುಂಬಿಸಿಕೊಂಡೆವು. ಹೋದ ವರ್ಷ ಬೀಜ ಚೆನ್ನಾಗಿ ಬಂದಿತ್ತು.

ಈ ವರ್ಷ ಹುಲ್ಲು ತೆನೆ ಬಿಡುವ ಮುಂಚೆ ನಾನು ಬದುವಿನ ಮೇಲೆ ನಿಂತು, ನಿನ್ನ ಹೂವಿನ ಧೂಳು ಬಿದ್ದರೆ ನನ್ನ ತಳಿ ಕಲಬೆರಕೆಯಾಗುತ್ತದೆ, ಹೂವಿಗೆ ಬಿಡದೆ ಕೊಯ್ದು ಹಾಕು ಎಂದು ತಮ್ಮನನ್ನು ಗದರಿಸಿದೆನು. ತಳಿ ಕೆಡದಿರಲೆಂದು ರಾಗಿ ಬೀಜಕ್ಕೆ ತೆನೆ ಆರಿಸಿ ಬೇರೆ ಇಡುವ ಮನೆ ನಮ್ಮದು. ಅವನು ಎದುರಾಡಲಿಲ್ಲ. "ಆಯ್ತು ಬಿಡಣ್ಣ, ಕೊಯ್ದಾಕ್ತೀನಿ" ಎಂದನು.

ನಿನ್ನೆ ಬೆಳಿಗ್ಗೆ ತೆನೆ ಉಜ್ಜಿ ನೋಡಿದರೆ ಬರೀ ಹೊಟ್ಟು. ಮೊನ್ನೆ ತಮ್ಮ ಔಷಧಿ ಹೊಡೆಯುವ ಡಬ್ಬ ಹೆಗಲಿಗೆ ಹಾಕಿಕೊಂಡು ಬದು ದಾಟಿದ್ದು ನೆನಪಾಗಿ ನನ್ನ ಮೈ ಉರಿದುಹೋಯಿತು. ಕೇಳಿದ್ದಕ್ಕೆ ಆಲೂಗಡ್ಡೆಗೆ ಹೊಡೆದೆ ಎಂದನು. ನಂಬದೆ ಕೊರಳಪಟ್ಟಿ ಹಿಡಿದೆನು. ಅವನ ಕೈಯಲ್ಲಿದ್ದ ಕುಡುಗೋಲು ಎಳೆದಾಟದಲ್ಲಿ ನನ್ನ ಬಲಗೈಗೆ ತಗುಲಿ ರಕ್ತ ಬಂತು. ಹುಲ್ಲಿಗೆ ವಿಷ ಹೊಡೆದ, ನನ್ನನ್ನು ಕಡಿಯಲು ಬಂದ ಎಂದು ದೂರು ಬರೆಸಿದೆನು. ಅವನನ್ನು ಲಾಕಪ್ಪಿಗೆ ಹಾಕಿದರು. ಇಂದು ಸಂಜೆ ಕೋಲಾರದ ಕೋರ್ಟಿಗೆ ಒಯ್ಯುತ್ತಾರೆಂದು ತಿಳಿಯಿತು. ಅವನ ಹೆಂಡತಿ ಭಾರತಮ್ಮ ನಮ್ಮ ಬಾಗಿಲಿಗೆ ಬಂದು "ಭಾವ, ನಿಮ್ ತಮ್ಮ ಜೈಲಿಗೋದ್ರೆ ನಿಮ್ ಹೊಟ್ಟೆ ತಣ್ಣಗಾಯ್ತದಾ?" ಎಂದು ಕೇಳಿದಳು. ನಾನು ಬಾಗಿಲು ಹಾಕಿಕೊಂಡೆನು.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ನರಸಿಂಹ ಅವರು ಹೊಲಕ್ಕೆ ಬಂದರು. ವಿಷವಾಗಿದ್ದರೆ ಎಲೆ ಸುಟ್ಟಿರಬೇಕಿತ್ತು ಎಂದರು. ರಾಗಿಗೆ ತನ್ನ ಹೂವಿನ ಧೂಳೇ ಸಾಕು, ಈ ಹುಲ್ಲಿಗೆ ತನ್ನದು ತನಗೆ ಒಗ್ಗುವುದಿಲ್ಲ, ಒಂದೇ ಬುಡದಿಂದ ಬೇರು ಬಿಡಿಸಿ ನೆಟ್ಟ ಹೊಲವೆಲ್ಲ ಒಂದೇ ಗಿಡದ ಲೆಕ್ಕ, ಬೇರೆ ಬುಡದ ಧೂಳು ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ ಎಂದು ಹೇಳಿದರು. ನಾನು ಒಪ್ಪಲಿಲ್ಲ. ಯಾರೋ ಹೇಳಿದರೆಂದು ತಲೆ ಆಡಿಸುವವನಲ್ಲ ನಾನು. ಆಗ ಅವರು ನನ್ನನ್ನು ಬಾವಿಯ ಮೂಲೆಗೆ ಕರೆದೊಯ್ದರು. ಅಲ್ಲಿ ತಮ್ಮನ ಕಡೆಯ ಒಂದು ಬುಡ ಹುಲ್ಲು ಕುಡುಗೋಲಿಗೆ ಸಿಗದೆ ಹೂ ಬಿಟ್ಟಿತ್ತು. ಅದರ ಎದುರಿಗಿದ್ದ ನನ್ನ ತೆನೆಗಳನ್ನು ಉಜ್ಜಿದೆನು. ಅಂಗೈಯಲ್ಲಿ ಕಾಳು ನಿಂತವು. ತಮ್ಮನ ಹುಲ್ಲನ್ನು ಹೂವಿಗೆ ಬಿಡದೆ ಕೊಯ್ಯಿಸಿದವನು ನಾನೇ.

ಅಲ್ಲಿಂದ ಸೀದಾ ಠಾಣೆಗೆ ಬಂದು, ಸಾಹೇಬರ ಅಪ್ಪಣೆ ಪಡೆದು ತಮ್ಮನ ಮುಂದೆ ನಿಂತೆನು. ನಾನು ಬಾಯಿ ತೆರೆಯುವ ಮುಂಚೆ ಅವನೇ ಎದ್ದು ಬಂದು "ಎಲ್ಲಾ ಕೊಯ್ದಾಕಿದ್ದೆ ಅಣ್ಣ. ಬಾವಿ ಹತ್ರ ಒಂದ್ ಬುಡ ಉಳ್ದೋಗೈತೆ. ಅದ್ಕೇನಾ ಇಷ್ಟು ಕೋಪ? ಬಿಡ್ಸು, ಈಗ್ಲೇ ಹೋಗಿ ಅದ್ನೂ ಕಿತ್ತಾಕ್ತೀನಿ" ಎಂದನು.

ಆ ಬುಡವನ್ನು ಯಾರೂ ಮುಟ್ಟಬಾರದು. ನನ್ನ ತಮ್ಮನದು ಏನೂ ತಪ್ಪಿಲ್ಲ. ಅವನನ್ನು ಕೋರ್ಟಿಗೆ ಕಳಿಸದೆ ನನ್ನ ಜೊತೆ ಮನೆಗೆ ಕಳಿಸಿಕೊಡಬೇಕೆಂದು ಕೈ ಮುಗಿದು ಕೇಳುತ್ತೇನೆ. ಬರೆದದ್ದನ್ನು ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ. ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ರುಜುವಿನ ಬದಲು ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14-11-1979
ವೆಂಕಟರಾಯಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು