ಅಕ್ಕೋರು ನೆಲಕ್ಕೆ ಕುಳಿತ ದಿನ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಶುರು ಮಾಡಿದರೆ ನಿಮಗೆಲ್ಲ ಬಹಳ ಸಂತೋಷ. ಯಾಕೆ ಹೇಳಿ? ಶ್ರೀಮಂತ ಅಂದ ಕೂಡಲೇ, ಇದು ನಮಗಲ್ಲ, ಬಜಾರದಲ್ಲಿ ಅಂಗಡಿ ಇಟ್ಟವರಿಗೆ ಅಂತ ಆರಾಮಾಗಿ ಚರ್ಚಿನ ಬೆಂಚಿಗೆ ಒರಗಿಬಿಡುತ್ತೀರಿ. ಇವತ್ತು ಶ್ರೀಮಂತನಿಗೆ ರಜೆ ಕೊಟ್ಟಿದ್ದೇನೆ. ಇವತ್ತಿನ ಕಥೆ ಒಬ್ಬ ಅಕ್ಕೋರದು. ಸಾಲಿ ಕಲಿಸುವ ಅಕ್ಕೋರು, ನಮ್ಮ ಕಡೆಯವರೇ. ಹೆಸರು ಹೇಳುವುದಿಲ್ಲ. ಹೇಳಿದರೆ ಯಾರ ಮಗಳು, ಯಾವ ಸಭೆ, ಅವರ ದೊಡ್ಡಪ್ಪ ರೇಲ್ವೆಯಲ್ಲಿದ್ದರಲ್ಲ ಅಂತ ನೀವು ಶುರು ಹಚ್ಚುತ್ತೀರಿ, ಕಥೆ ಅಲ್ಲಿಗೇ ನಿಲ್ಲುತ್ತದೆ.

ಈ ಅಕ್ಕೋರು ದೇವರ ಸೇವೆಗೆಂದು ಆಫ್ರಿಕಾದ ಮಲಾವಿ ದೇಶಕ್ಕೆ ಹೋದರು. ಅಲ್ಲೊಂದು ಹಳ್ಳಿ, ಹಳ್ಳಿಯಲ್ಲೊಂದು ಮಿಷನ್ ಶಾಲೆ. ಸುತ್ತ ಗೋವಿನಜೋಳದ ಹೊಲ. ಅಂಗಳದಲ್ಲಿ ಮಾವಿನ ಮರ, ಮರಕ್ಕೆ ನೇತುಹಾಕಿದ ಹಳೇ ಲಾರಿ ಚಕ್ರದ ಕಬ್ಬಿಣ. ಅದನ್ನು ಸರಳಿನಿಂದ ಬಾರಿಸಿದರೆ ಅದೇ ಶಾಲೆಯ ಗಂಟೆ. ಆ ಗಂಟೆ ಬಾರಿಸುವ ಕೆಲಸವನ್ನು ಅಕ್ಕೋರು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ.

ನೋಡಿ, ಅಕ್ಕೋರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗಿದ್ದದ್ದು ಒಂದೇ ತೊಂದರೆ. ಕೂರಲು ಬರುತ್ತಿರಲಿಲ್ಲ! ಕಾಲಿಗೆ ಚಕ್ರ ಕಟ್ಟಿಕೊಂಡವರು. ಊಟ ಮಾಡುತ್ತ ಪಾಠ ತಿದ್ದುವರು, ಪಾಠ ತಿದ್ದುತ್ತ ಪ್ರಾರ್ಥನೆ ಮಾಡುವರು, ಪ್ರಾರ್ಥನೆ ಮಾಡುತ್ತ ನಾಳೆ ಯಾವ ಗೋಡೆಗೆ ಸುಣ್ಣ ಹೊಡೆಸಬೇಕು ಅಂತ ಯೋಚಿಸುವರು. ಆಮೆನ್ ಅನ್ನುವಷ್ಟರಲ್ಲಿ ಎದ್ದು ಬಾಗಿಲಲ್ಲಿರುವರು. ಇಷ್ಟು ದೂರ ಬಂದಿದ್ದೇನೆ, ಊರ ಸಭೆಯವರು ಮೊಣಕಾಲೂರಿ ಪ್ರಾರ್ಥಿಸಿ ಕಳಿಸಿದ್ದಾರೆ, ಒಂದು ಗಳಿಗೆ ಸುಮ್ಮನೆ ಕಳೆದರೂ ಯಾರಿಗೆ ಏನು ಉತ್ತರ ಕೊಡಲಿ ಎಂಬ ಭಯ ಒಳಗೊಳಗೇ ಕುಟುಕುತ್ತಿತ್ತು. ನಿದ್ದೆಯಲ್ಲೂ ಅವರಿಗೆ ನೆಮ್ಮದಿ ಇರಲಿಲ್ಲ.

ಆ ಶಾಲೆಯಲ್ಲಿ ಚಿಸೊಮೊ ಎಂಬ ಹುಡುಗಿ ಇದ್ದಳು. ಅವರ ಭಾಷೆಯಲ್ಲಿ ಕೃಪೆ ಅಂತ ಅರ್ಥವಂತೆ, ನಮ್ಮಲ್ಲಿ ಕೃಪಾ ಅಂತ ಇಡುತ್ತೇವಲ್ಲ, ಹಾಗೆ. ಬಹಳ ಚುರುಕು. ಅಕ್ಕೋರು ಅರ್ಧ ಹೇಳಿದರೆ ಉಳಿದರ್ಧ ತಾನೇ ಹೇಳುವಳು. ಪಟ್ಟಣದ ದೊಡ್ಡ ಶಾಲೆಗೆ ಸೇರಲು ಒಂದು ಪರೀಕ್ಷೆ ಇತ್ತು. ಆ ಹಳ್ಳಿಯಿಂದ ಒಂದು ಹೆಣ್ಣುಮಗುವೂ ಆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಈ ಸಲ ಚಿಸೊಮೊ ಹತ್ತಲೇಬೇಕು ಅಂತ ಅಕ್ಕೋರು ಹಟ ಹಿಡಿದರು. ಪರೀಕ್ಷೆ ಇನ್ನೇನು ಬಂತು ಅನ್ನುವಾಗ ಹುಡುಗಿಯ ತಾಯಿ ಜ್ವರ ಬಂದು ತೀರಿಹೋದಳು.

ಅಕ್ಕೋರು ಹೋದರು. ಹೋಗದೆ ಇರುತ್ತಾರೆಯೇ? ಸುದ್ದಿ ಕೇಳಿದ ಕೂಡಲೇ ಓಡಿದರು. ಹೆಂಗಸರೆಲ್ಲ ಮನೆಯೊಳಗೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು, ಗಂಡಸರು ಹೊರಗೆ ಮರದ ಕೆಳಗೆ. ಅಕ್ಕೋರು ಬಾಗಿಲ ಬಳಿ ನಿಂತು ನಾವೆಲ್ಲ ಮಾಡುವುದನ್ನೇ ಮಾಡಿದರು. ಹಾಡಲು ಒಂದು ಸಂಗೀತ, ಬೈಬಲಿನ ಒಂದು ವಾಕ್ಯ, ಒಂದು ಪ್ರಾರ್ಥನೆ. ಪ್ರಾರ್ಥನೆ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಗೋವಿನಜೋಳದ ಮುದ್ದೆ, ಸೊಪ್ಪು ತಂದು ಮುಂದಿಟ್ಟಳು. ಅಕ್ಕೋರು ಕೈಮುಗಿದು ಬೇಡವೆಂದರು. ಸಾವಿನ ಮನೆಯಲ್ಲಿ ನಾವು ತುತ್ತು ಮುಟ್ಟುತ್ತೇವೆಯೇ? ಆಮೇಲೆ ಸದ್ದಿಲ್ಲದೆ ಹೊರಟುಬಿಟ್ಟರು. ಸಾವಿನ ಮನೆಯಿಂದ ಹೊರಡುವಾಗ ನಾವು 'ಹೋಗಿ ಬರ್ತೀನಿ' ಅನ್ನುತ್ತೇವೆಯೇ? ಅನ್ನುವುದಿಲ್ಲ. ಕ್ರಿಸ್ತನ ನಂಬಿಕೆಗೆ ಬಂದು ಎಷ್ಟು ತಲೆಮಾರಾದರೂ ಈ ಎರಡನ್ನು ಮಾತ್ರ ನಾವು ಬಿಟ್ಟಿಲ್ಲ. ಅಕ್ಕೋರು ಅದನ್ನು ಕಡಲು ದಾಟಿಸಿಕೊಂಡು ಹೋಗಿದ್ದರು. ನೇರ ಶಾಲೆಗೆ ಬಂದು, ಪರೀಕ್ಷೆ ಹತ್ತಿರ ಇದೆಯೆಂದು ಗಂಟೆ ಬಾರಿಸಿದರು.

ಒಂದು ಮಗುವೂ ಬರಲಿಲ್ಲ. ಮತ್ತೆ ಬಾರಿಸಿದರು. ಬರಲಿಲ್ಲ. ಅತ್ತ ಮಣ್ಣು ಮಾಡುತ್ತಿದ್ದಾರೆ, ಇತ್ತ ಗಂಟೆ ಹೊಡೆಯುತ್ತಿದೆ.

ಆಮೇಲಿನ ದಿನಗಳಲ್ಲಿ ಬೇರೆ ಮಕ್ಕಳು ಒಬ್ಬೊಬ್ಬರಾಗಿ ಬಂದರು, ಚಿಸೊಮೊ ಬರಲಿಲ್ಲ. ಅಕ್ಕೋರ ಚಡಪಡಿಕೆ ಕೇಳಬೇಡಿ! ನಡುವೆ ಪಾಠ ನಿಲ್ಲಿಸಿ ಕಿಟಕಿಗೆ ಹೋಗುವರು, ಬಾಗಿಲಿಗೆ ಬರುವರು. ಸಂಜೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆ ಮನೆಗೆ ಓಡುವರು. "ಚಿಸೊಮೊ, ನಿಮ್ಮವ್ವಗೂ ನೀ ಓದಬೇಕಂತ ಆಸೆ ಇತ್ತಲ್ಲವ್ವ, ದೇವರು ಎಲ್ಲಾ ಚೊಲೋದಕ್ಕ ಮಾಡ್ತಾನ" ಅನ್ನುವರು. ಅವರು ಹೇಳಿದ್ದು ನಮ್ಮ ಮಾತಿನಲ್ಲಲ್ಲ, ಆ ಊರ ಮಾತು ನನಗೆ ಬರುವುದಿಲ್ಲ, ಹಾಗಾಗಿ ಎಲ್ಲರನ್ನೂ ನಮ್ಮ ಮಾತಿನಲ್ಲೇ ಮಾತಾಡಿಸುತ್ತಿದ್ದೇನೆ. ಹುಡುಗಿ ಮುಖ ಎತ್ತುತ್ತಿರಲಿಲ್ಲ. ಅವಳು ಅತ್ತದ್ದನ್ನೂ ಯಾರೂ ನೋಡಿರಲಿಲ್ಲ. ಮಣ್ಣಿನ ದಿನದಿಂದ ಹಾಗೇ ಇದ್ದಳು. ಅಜ್ಜಿ ಒಬ್ಬಳು ಮೂಲೆಯಲ್ಲಿ ಕುಳಿತು ಅಕ್ಕೋರನ್ನು ನೋಡುತ್ತಿದ್ದಳು, ಬನ್ನಿ ಅನ್ನುತ್ತಿರಲಿಲ್ಲ.

ಶಾಲೆಯಲ್ಲಿ ಮ್ವಾಲೆ ಅಂತ ಒಬ್ಬ ಮಾಸ್ತರರಿದ್ದರು, ಅದೇ ಊರಿನವರು. ಅಕ್ಕೋರು ಕಡೆಗೆ ಅವರ ಮೇಲೆಯೇ ಹರಿಹಾಯ್ದರು.

"ನೀವರೆ ಹೋಗಿ ಆ ಹುಡುಗಿಗೆ ಒಂದು ಮಾತು ಹೇಳ್ರಿ, ಮಾಸ್ತರ. ಹಿಂಗ ಕುಂತ್ರ ಅಕಿ ಜನ್ಮ ಹಾಳಾಗ್ತದ!"

"ನಾ ಹೇಳೂದೈತಿ, ಖರೆ. ಆದ್ರ ಅಕಿಗಲ್ಲ, ನಿಮಗ," ಅಂದರು ಮಾಸ್ತರರು. "ಸಿಟ್ಟಾಗಬ್ಯಾಡ್ರಿ. ಮಣ್ಣಿನ ದಿನ ನೀವು ಗಂಟಿ ಬಾರಿಸಿದ್ರಿ."

"ಪರೀಕ್ಷಾ ಬಂದಾವಲ್ರೀ!"

"ಈ ಊರಾಗ ಮಣ್ಣಾಗೂ ದಿನ ಹೊಲಕ್ಕ ಗುದ್ದಲಿ ಸೈತ ಒಯ್ಯಂಗಿಲ್ಲ. ಊಟ ಕೊಟ್ರು, ನೀವು ಒಲ್ಲೆ ಅಂದ್ರಿ. ಅಲ್ಲಿ ಉಣ್ಣೂದು ಅಂದ್ರ ನಿಮ್ಮ ದುಃಖ ನಮ್ಮದೂ ಹೌದು ಅಂದಂಗ. ಹಂಗ ಹೊಂಟ್ರಿ, ಹೇಳಿ ಹೋಗ್ಲಿಲ್ಲ. ಹೇಳಿದ್ರ ಅವರು ದಾರೀತನಕ ಬಂದು ಕಳಿಸ್ತಿದ್ರು. ಕಳ್ಳರಂಗ ಹೋದ್ಳು ಅಂತಾಳ ಅಜ್ಜಿ."

ಅಕ್ಕೋರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾಚಿಕೆಯಿಂದ ಕಣ್ಣು ತುಂಬಿತು. ಆದರೆ ನೋಡಿ, ಆಗಲೂ ಅವರ ಬಾಯಿಂದ ಬಂದದ್ದೇನು? "ಈಗ ಏನ್ ಮಾಡ್ಲಿ? ಹೋಗಿ ಕ್ಷಮಾ ಕೇಳ್ಲೇನು? ಒಂದು ಪ್ರಾರ್ಥನಾ ಕೂಟ ಇಡಸ್ಲೇನು?" ಮಾಡಲಿ, ಇಡಿಸಲಿ, ಓಡಲಿ. ಕೂರಲಿ ಅನ್ನುವ ಮಾತು ಮಾತ್ರ ಬರಲೊಲ್ಲದು.

"ಏನೂ ಮಾಡಬ್ಯಾಡ್ರಿ, ಅಕ್ಕೋರ," ಅಂದರು ಮ್ವಾಲೆ ಮಾಸ್ತರರು. "ಹೋಗಿ ಕುಂದರ್ರಿ. ಗಂಟಿ ನಾ ಬಾರಿಸ್ತೀನಿ."

ಮರುದಿನ ಬೆಳಿಗ್ಗೆ ಅಕ್ಕೋರು ಕೈ ಬೀಸಿಕೊಂಡು ಹೋದರು. ಪುಸ್ತಕ ಇಲ್ಲ, ಸಂಗೀತದ ಪುಸ್ತಕವೂ ಇಲ್ಲ. ಮನೆಯೊಳಗೆ ಇನ್ನೂ ನಾಲ್ಕಾರು ಹೆಂಗಸರಿದ್ದರು. ಅಕ್ಕೋರು ಚಾಪೆಯ ಅಂಚಿನಲ್ಲಿ, ನೆಲಕ್ಕೆ ಕುಳಿತರು. ಅಬ್ಬಾ, ಆ ಕೂರುವುದು ಎಂಥ ಕಷ್ಟ! ಕಲ್ಲು ಹೊರುವ ಕೆಲಸ ಕೊಟ್ಟಿದ್ದರೆ ಸಂತೋಷವಾಗಿ ಹೊರುತ್ತಿದ್ದರು. ಕಾಲು ಜೋಮು ಹಿಡಿಯಿತು. ತಲೆಯೊಳಗೆ ಸಂತೆ. ಮೂರನೇ ಕ್ಲಾಸಿನ ಗದ್ದಲ ಯಾರು ನೋಡುತ್ತಾರೋ, ಊರಿನ ಸಭೆಗೆ ಈ ಸಲ ಏನು ಬರೆಯಲಿ, ಪರೀಕ್ಷೆಗೆ ಹೆಸರು ಕಳಿಸಿದ್ದಾಗಿದೆ, ಹುಡುಗಿ ಬರದಿದ್ದರೆ ಹೇಗೆ... ಒಂದು ವಾಕ್ಯ ಹೇಳಿಬಿಡೋಣ, ಒಂದೇ ಒಂದು ವಾಕ್ಯ, ಅಂತ ಬಾಯಿ ತೆರೆದರು. ಅಜ್ಜಿ ನೋಡಿದಳು. ಅಕ್ಕೋರು ಬಾಯಿ ಮುಚ್ಚಿದರು.

ಊಟ ಬಂತು. ಈ ಸಲ ಅಕ್ಕೋರು ಕೈ ತೊಳೆದು, ಎಲ್ಲರ ಜೊತೆಗೆ ಒಂದೇ ತಟ್ಟೆಯಿಂದ ಮುದ್ದೆ ಮುರಿದು ತಿಂದರು. ಆಗ ಅವರಿಗೆ ಒಂದು ವಿಷಯ ಹೊಳೆಯಿತು. ಅಂದು ಬಾಗಿಲಲ್ಲಿ ನಿಂತು ಅಷ್ಟು ದೊಡ್ಡ ಪ್ರಾರ್ಥನೆ ಮಾಡಿದರಲ್ಲ, ಅದರಲ್ಲಿ 'ಈ ಸಹೋದರಿ', 'ಈ ಸಹೋದರಿ' ಅಂದದ್ದೇ ಅಂದದ್ದು. ಸತ್ತವಳ ಹೆಸರು ಅವರಿಗೆ ಗೊತ್ತಿರಲಿಲ್ಲ! ದಿನಾ ಶಾಲೆಯ ಬೇಲಿಯ ಹತ್ತಿರ ನೆಲಗಡಲೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು, ಅಕ್ಕೋರನ್ನು ಕಂಡಾಗೆಲ್ಲ ನಗುತ್ತಿದ್ದಳು. ಒಂದು ದಿನವೂ ನಿಂತು ಕೇಳಿರಲಿಲ್ಲ.

"ನಿಮ್ಮವ್ವನ ಹೆಸರು ಏನವ್ವ?" ಅಂತ ಅಕ್ಕೋರು ಮೆಲ್ಲಗೆ ಕೇಳಿದರು.

"ಎಸ್ನಾತ್," ಅಂದಳು ಚಿಸೊಮೊ. ಅಷ್ಟು ದಿನಗಳಲ್ಲಿ ಅವಳು ಅಕ್ಕೋರ ಹತ್ತಿರ ಆಡಿದ ಮೊದಲ ಮಾತು ಅದು.

ಎಸ್ನಾತ್ ಅಂತ ಅಕ್ಕೋರು ಒಮ್ಮೆ ಅಂದುಕೊಂಡರು. ಆ ನಗುಮುಖ ಕಣ್ಣ ಮುಂದೆ ಬಂತು. ಅಕ್ಕೋರು ಅತ್ತರು. ಯಾರಿಗೂ ಪಾಠ ಕಲಿಸಲು ಅಲ್ಲ, ಸಮಾಧಾನ ಹೇಳಲೂ ಅಲ್ಲ. ಒಬ್ಬ ಹೆಂಗಸು ಸತ್ತಿದ್ದಾಳಲ್ಲ, ಅದಕ್ಕೆ ಅತ್ತರು. ಅಜ್ಜಿ ಸರಿದು, ಚಾಪೆಯ ನಡುವೆ ಅವರಿಗೆ ಜಾಗ ಮಾಡಿಕೊಟ್ಟಳು.

ಅಷ್ಟರಲ್ಲಿ ಮಾವಿನ ಮರದ ಕಡೆಯಿಂದ ಮಧ್ಯಾಹ್ನದ ಗಂಟೆ ಕೇಳಿತು. ಅಕ್ಕೋರ ಮೈಯೆಲ್ಲ ಎದ್ದು ನಿಂತಂತಾಯಿತು, ಕೈ ನೆಲಕ್ಕೆ ಊರಿತು. ಹುಡುಗಿ ಅದನ್ನು ನೋಡಿದಳು.

"ಅಕ್ಕೋರ, ಗಂಟಿ ಆತು," ಅಂದಳು. "ನೀವಿನ್ನ ಹೋಗ್ತೀರಿ."

ಊರಿದ ಕೈಯನ್ನು ಅಕ್ಕೋರು ಮಡಿಲಿಗೆ ತಂದುಕೊಂಡರು. "ಇಲ್ಲವ್ವ. ಇವತ್ತ ನಾ ಎಲ್ಲೂ ಹೋಗಂಗಿಲ್ಲ."

ಆಗ, ಮಣ್ಣಿನ ದಿನವೂ ಅಳದಿದ್ದ ಆ ಮಗು 'ಅವ್ವಾ' ಅಂತ ಒಮ್ಮೆ ಕೂಗಿ ಅಕ್ಕೋರ ಮಡಿಲಿಗೆ ಬಿತ್ತು. ಬಿಕ್ಕಿಬಿಕ್ಕಿ ಅತ್ತಳು. ಸುತ್ತ ಇದ್ದ ಹೆಂಗಸರೆಲ್ಲ ದನಿಗೂಡಿಸಿ ಅತ್ತರು. ಹೊತ್ತು ಇಳಿಯುವಾಗ ಅಕ್ಕೋರು 'ಹೋಗಿ ಬರ್ತೀನಿ, ನಾಳೆ ಬರ್ತೀನಿ' ಅಂತ ಬಾಯಿಬಿಟ್ಟು ಹೇಳಿ ಎದ್ದರು. ಅಜ್ಜಿ ಕೋಲೂರಿಕೊಂಡು ದಾರಿಯ ತನಕ ಬಂದು ಕಳಿಸಿದಳು.

ಈಗ ನೀವು ಏನು ಕೇಳುತ್ತೀರಿ, ನನಗೆ ಗೊತ್ತು. ಪರೀಕ್ಷೆ? ಪರೀಕ್ಷೆ ಏನಾಯಿತು? ಆ ಸಲ ಚಿಸೊಮೊ ಪರೀಕ್ಷೆಗೆ ಕೂರಲಿಲ್ಲ. ಹೋಗು ಅಂತ ಅಕ್ಕೋರು ಒತ್ತಾಯಿಸಲೂ ಇಲ್ಲ. ಆ ವರ್ಷದ ಜಾಗ ಹೋಯಿತು, ಹೋಯಿತೇ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹುಡುಗಿ ತಾನಾಗಿ ಬಂದು ಬೆಂಚಿನ ಮೇಲೆ ಕುಳಿತಳು, ಪಕ್ಕದಲ್ಲಿ ಅಜ್ಜಿ ನಿಂತಿದ್ದಳು. ಅಷ್ಟೇ ಆದದ್ದು.

ಅಕ್ಕೋರು ಇದನ್ನೆಲ್ಲ ಊರಿನ ಸಭೆಗೆ ಬರೆದರು. ಸಭೆಯ ಕಮಿಟಿಯಲ್ಲಿ ಆ ಪತ್ರ ಓದಿದರು. ಒಬ್ಬ ಹಿರಿಯರು ಕನ್ನಡಕ ತೆಗೆದು ಏನಂದರು ಗೊತ್ತೇ? "ಅಲ್ರೀ, ನಾವು ಇಷ್ಟು ಪ್ರಾರ್ಥನಾ ಮಾಡಿ, ಹಾರ ಹಾಕಿ ಕಳಿಸಿದ್ದು ಅಲ್ಲಿ ಹೋಗಿ ಕುಂದ್ರಾಕೇನು?"

ಹೌದ್ರೀ ಹಿರಿಯರೇ, ಕುಂದ್ರಾಕ! ಅದಕ್ಕೇ ಕಳಿಸಿದ್ದು! ನಮ್ಮ ಕ್ರಿಸ್ತಸ್ವಾಮಿ ತಮ್ಮ ಗೆಳೆಯನ ಸಮಾಧಿಗೆ ಹೋದರಲ್ಲ, ಸತ್ತವನನ್ನು ಎಬ್ಬಿಸುವ ಶಕ್ತಿ ಕೈಯಲ್ಲೇ ಇತ್ತಲ್ಲ, ಆದರೂ ಮೊದಲು ಏನು ಮಾಡಿದರು? ನಿಂತು ಅತ್ತರು. ಅವರಿಗಿಲ್ಲದ ಅವಸರ ನಿಮಗೆ ನನಗೆ ಎಲ್ಲಿಂದ ಬಂತು?

ನಗುತ್ತೀರಿ. ನಗಬೇಡಿ, ನಾನು ಮಲಾವಿಯ ಮಾತಾಡುತ್ತಿಲ್ಲ. ಈ ಓಣಿಯ ಮಾತಾಡುತ್ತಿದ್ದೇನೆ. ನಮ್ಮ ರೂಬೇನಪ್ಪನವರ ಹೆಂಡತಿ ತೀರಿಕೊಂಡು ಮಳೆಗಾಲ ಕಳೆಯಿತು. ಅಂದು ನಾವೆಲ್ಲ ಹೋದೆವು. ಹಾಡಿದೆವು, ಪ್ರಾರ್ಥಿಸಿದೆವು, ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಲೇ ಮೊಬೈಲು ತೆಗೆದೆವು. ಆಮೇಲೆ ಯಾರು ಹೋಗಿದ್ದೀರಿ? ಕೈ ಎತ್ತಿ. ಅವರು ಆರಾಧನೆಗೆ ಬರುತ್ತಿಲ್ಲ ಅಂತ ಮಾತ್ರ ಎಲ್ಲರಿಗೂ ಗೊತ್ತಿದೆ. ಬರಬೇಕಪ್ಪ, ಎಷ್ಟು ದಿನ ಹೀಗಿರುತ್ತಾರೆ ಅಂತ ನನಗೇ ಬಂದು ಹೇಳುತ್ತೀರಿ. ಪ್ರಾರ್ಥನೆಯಲ್ಲಿ ನೆನಸುತ್ತಿದ್ದೇವೆ ಅನ್ನುತ್ತೀರಿ. ಆ ತಾಯಿಯ ಹೆಸರೇನಿತ್ತು? ಹೇಳಿ ನೋಡೋಣ. ರೂಬೇನಪ್ಪನವರ ಮನೆಯವರು ಅನ್ನಬೇಡಿ, ಹೆಸರು ಹೇಳಿ.

ಸುಗಂಧಮ್ಮ. ಸುಗಂಧಮ್ಮ ಅಂತ ಅವರ ಹೆಸರು.

ಇನ್ನು ಮುಂದೆ ಹೀಗೆ ಮಾಡಿ. ಸಾವಾದ ಮನೆಗೆ ಹೋದರೆ ಗಡಿಯಾರ ಬಿಚ್ಚಿಟ್ಟು ಹೋಗಿ, ಮೊಬೈಲನ್ನು ಮನೆಯಲ್ಲಿ ಬಿಡಿ. ದೇವರ ಚಿತ್ತ ಅಂತ ಬಾಯಿಗೆ ಬಂದರೆ ನುಂಗಿಕೊಳ್ಳಿ, ಅದನ್ನು ಅವರು ಹೇಳಬೇಕು, ನೀವಲ್ಲ. ಏನು ಕೊಡುತ್ತಾರೋ ಅದನ್ನು ತಿನ್ನಿ. ಅವರು ಸತ್ತವರ ಮಾತಾಡಿದರೆ, ಹತ್ತು ಸಲ ಅದನ್ನೇ ಆಡಿದರೂ ಕೇಳಿ. ಏಳುವಾಗ ಹೇಳಿ ಏಳಿ, ಮತ್ತೆ ಬರುತ್ತೇನೆ ಅನ್ನಿ, ಅಂದಮೇಲೆ ಹೋಗಿ. ಜನ ಕರಗಿದ ಮೇಲೆ ಹೋಗಿ, ಎಲ್ಲರೂ ಮರೆತ ಮೇಲೆ ಹೋಗಿ.

ಇವತ್ತು ಕಡೆಯ ಸಂಗೀತ ಹಾಡುವುದಿಲ್ಲ. ಗಿಟಾರಿನ ಹುಡುಗರು ಅದನ್ನು ಚೀಲಕ್ಕೆ ಹಾಕಿ. ನಾನು ಇಲ್ಲಿಂದ ಇಳಿದು ನೇರ ರೂಬೇನಪ್ಪನವರ ಮನೆಗೆ ಹೋಗುತ್ತೇನೆ. ಪ್ರವಚನ ಮಾಡಲು ಅಲ್ಲ, ಕೂರಲು. ಬರುವವರು ಬನ್ನಿ. ಒಲೆಯ ಮೇಲೆ ಸಾರು ಇಟ್ಟು ಬಂದವರು ಮನೆಗೆ ಹೋಗಿ ಒಲೆ ಆರಿಸಿ ಬನ್ನಿ. ಅವರ ಮನೆಯಲ್ಲಿ ಕುರ್ಚಿ ಕಡಿಮೆ, ನೆಲಕ್ಕೆ ಕೂರೋಣ.